ಚಳಿಗಾಲದ ಮೊದಲ ಖರ್ಚು ಹಾಸಿಗೆಗೆ

ಬೀದರ್‌ನಿಂದ ವಿಜಯಪುರದವರೆಗಿನ ಹಳ್ಳಿಗಳಲ್ಲಿ ಹತ್ತು ಹನ್ನೆರಡು ಮಂದಿ ಒಂದೇ ಸೂರಿನಡಿ ಬದುಕುವ ಕುಟುಂಬಗಳು ಈಗಲೂ ಇವೆ. ಅಜ್ಜ, ಅಜ್ಜಿ, ಇಬ್ಬರು ಮೂವರು ಅಣ್ಣತಮ್ಮಂದಿರು, ಅವರ ಹೆಂಡಂದಿರು, ಐದಾರು ಮಕ್ಕಳು. ಎರಡು ಮೂರು ಎಕರೆ ಒಣಬೇಸಾಯ, ಉಳಿದಂತೆ ಕೂಲಿ. ಮಳೆಗಾಲಕ್ಕೆ ಮುಂಚೆ ಬೀಜ, ಗೊಬ್ಬರ, ಸೂರಿನ ದುರಸ್ತಿ ಎಂದು ಲೆಕ್ಕ ಹಾಕುವ ಇದೇ ಮನೆಗಳು ಚಳಿಗಾಲಕ್ಕೆ ಲೆಕ್ಕವನ್ನೇ ಇಡುವುದಿಲ್ಲ. ಡಿಸೆಂಬರ್ ನಡುವಿನಲ್ಲಿ ಅಜ್ಜನ ಕೆಮ್ಮು ಜೋರಾದಾಗ, ಕೂಸಿಗೆ ಕಫ ಕಟ್ಟಿದಾಗ ಕೈಗೆ ಸಿಕ್ಕ ದುಡ್ಡಿನಲ್ಲಿ ಸಂತೆಯಿಂದ ಒಂದೆರಡು ಸ್ವೆಟರ್ ಬರುತ್ತವೆ, ಸಾಲದಲ್ಲಿ ಒಂದು ಬ್ಲ್ಯಾಂಕೆಟ್ ಬರುತ್ತದೆ, ಆಸ್ಪತ್ರೆಯ ಖರ್ಚು ಅವೆರಡನ್ನೂ ಮೀರುತ್ತದೆ. ದುಡ್ಡು ಕಡಿಮೆ ಇರುವುದು ನಿಜ. ಆದರೆ ಇರುವ ದುಡ್ಡು ತಪ್ಪು ಹೊತ್ತಿನಲ್ಲಿ, ತಪ್ಪು ವಸ್ತುವಿಗೆ ಹೋಗುತ್ತಿದೆ ಎಂಬುದೂ ಅಷ್ಟೇ ನಿಜ. ನಮ್ಮ ಬಯಲುಸೀಮೆಯ ಚಳಿಗೆ ದೊಡ್ಡ ಕುಟುಂಬವೊಂದು ಕಡಿಮೆ ಖರ್ಚಿನಲ್ಲಿ ಸಿದ್ಧವಾಗಬೇಕಾದರೆ ಮೊದಲ ರೂಪಾಯಿ ಹಾಸಿಗೆ-ಹೊದಿಕೆಗೆ ಸಲ್ಲಬೇಕು, ಅದೂ ದೀಪಾವಳಿಗೆ ಮುಂಚೆ ಸಲ್ಲಬೇಕು. ಹೀಟರು, ಗೀಸರು, ಹೊಸ ಸ್ವೆಟರು ಎಲ್ಲವೂ ಅದರ ನಂತರ.

ಇದಕ್ಕೆ ಕಾರಣ ನಮ್ಮ ಚಳಿಯ ಗುಣದಲ್ಲೇ ಇದೆ. ಕಾಶ್ಮೀರದಲ್ಲೋ ಹಿಮಾಚಲದಲ್ಲೋ ಚಳಿ ಹಗಲು ರಾತ್ರಿ ಒಂದೇ ಸಮ ಕೂತಿರುತ್ತದೆ, ಅಲ್ಲಿ ಮನೆಯನ್ನೇ ಬೆಚ್ಚಗಿಡದೆ ದಾರಿಯಿಲ್ಲ. ಇಲ್ಲಿ ಹಾಗಲ್ಲ. ಸಮುದ್ರದಿಂದ ದೂರ, ಸುಮಾರು ಎರಡು ಸಾವಿರ ಅಡಿ ಎತ್ತರದ ಪ್ರಸ್ಥಭೂಮಿ, ಮೋಡವಿಲ್ಲದ ಆಕಾಶ, ಒಣ ಗಾಳಿ. ಹಗಲೆಲ್ಲ ಕಾದ ನೆಲ ಸಂಜೆ ಆದೊಡನೆ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ, ತಡೆಯಲು ಮೇಲೆ ಮೋಡದ ಮುಸುಕಿಲ್ಲ. ಮಧ್ಯಾಹ್ನ 28-30 ಡಿಗ್ರಿ ಇದ್ದ ಊರಿನಲ್ಲಿ ಬೆಳಗಿನ ಜಾವ 12 ಡಿಗ್ರಿ ಇರುತ್ತದೆ, ಕೆಲವು ದಿನ ಬೀದರ್, ವಿಜಯಪುರದ ಕಡೆ 10 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದರೆ ಶೀತಗಾಳಿ ಎಂದು ಘೋಷಿಸುತ್ತದೆ. ಅಂಥ ಎಚ್ಚರಿಕೆ ಈ ಜಿಲ್ಲೆಗಳಿಗೆ ಹೊಸದಲ್ಲ. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಬಂದರೆ ಚಳಿ ಮುಗಿಯಿತು. ಅಂದರೆ ನಾವು ಎದುರಿಸಬೇಕಾದದ್ದು ರಾತ್ರಿಯ ಹತ್ತು ಹನ್ನೆರಡು ತಾಸನ್ನು ಮಾತ್ರ, ಆ ತಾಸುಗಳಲ್ಲಿ ಬಹುಪಾಲು ಮನೆಮಂದಿ ಮಲಗಿರುತ್ತಾರೆ. ಮನೆಯೊಳಗಿನ ಗಾಳಿಯನ್ನೆಲ್ಲ ಬಿಸಿ ಮಾಡುವುದಕ್ಕಿಂತ ಮಲಗಿದ ಮೈಯ ಸುತ್ತಲಿನ ನಾಲ್ಕು ಬೆರಳು ಗಾಳಿಯನ್ನು ಹಿಡಿದಿಡುವುದು ಎಷ್ಟೋ ಪಾಲು ಅಗ್ಗ.

ಇಷ್ಟು ಸಣ್ಣ ಚಳಿಗೆ ಇಷ್ಟು ದೊಡ್ಡ ಮಾತೇಕೆ ಎಂದು ಕೇಳುವವರಿದ್ದಾರೆ. ದೆಹಲಿ, ಲಖನೌದ ಚಳಿ ಕಂಡವರಿಗೆ ಬೀದರ್‌ನ 10 ಡಿಗ್ರಿ ದೊಡ್ಡದಲ್ಲ. ಆದರೆ ಚಳಿಯಿಂದಾಗುವ ಸಾವುನೋವುಗಳ ಲೆಕ್ಕ ಬೇರೆಯೇ ಹೇಳುತ್ತದೆ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆ 13 ದೇಶಗಳ 7 ಕೋಟಿಗೂ ಹೆಚ್ಚು ಸಾವುಗಳನ್ನು ಪರಿಶೀಲಿಸಿದ ಅಧ್ಯಯನವೊಂದನ್ನು ಪ್ರಕಟಿಸಿತು. ಒಟ್ಟು ಸಾವುಗಳಲ್ಲಿ ಚಳಿಗೆ ಕಟ್ಟಬಹುದಾದ ಪಾಲು 7.29 ಶೇಕಡ, ಸೆಕೆಯ ಪಾಲು 0.42 ಶೇಕಡ. ಅದರಲ್ಲೂ ಹೆಚ್ಚಿನವು ಕಡುಚಳಿಯಿಂದ ಆದವಲ್ಲ, ಸುದ್ದಿಯಾಗದ ಸಾಧಾರಣ ಚಳಿಯಿಂದ ಆದವು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಆದರೆ ನಮ್ಮದೇ ದೇಶದ ಮಿಲಿಯನ್ ಡೆತ್ ಸ್ಟಡಿಯ ಮಾಹಿತಿಯನ್ನು ಆಧರಿಸಿ 2018ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದೇ ದಿಕ್ಕಿಗೆ ಕೈ ತೋರಿಸಿತು: ಕಡುಚಳಿ, ಕಡುಬಿಸಿಲಿಗಿಂತ ಸಾಧಾರಣ ಚಳಿಯ ದಿನಗಳಿಗೇ ಹೆಚ್ಚು ಜೀವಗಳು ಬಲಿಯಾಗುತ್ತವೆ. ಚಳಿಗೆ ರಕ್ತನಾಳ ಬಿಗಿಯುತ್ತದೆ, ರಕ್ತದೊತ್ತಡ ಏರುತ್ತದೆ. ಬೀಡಿ ಸೇದಿ, ಒಲೆಯ ಹೊಗೆ ಕುಡಿದು ಸೊರಗಿದ ಶ್ವಾಸಕೋಶಕ್ಕೆ ಸೋಂಕು ಬೇಗ ಹತ್ತುತ್ತದೆ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಹೇಳಿದೆ. ಜನವರಿಯ ಬೆಳಗಿನ ಜಾವ ತಗಡಿನ ಮನೆಯೊಳಗೆ ಅಷ್ಟು ಬೆಚ್ಚಗಿರುವುದು ಸಾಧ್ಯವೇ ಇಲ್ಲ. ಹೊರದೇಶದವರಿಗೆ ಕಡುಚಳಿಗೆ ತಕ್ಕ ಮನೆಯಿದೆ, ನಮ್ಮವರಿಗೆ ಸಾಧಾರಣ ಚಳಿಗೂ ತಕ್ಕ ಮನೆಯಿಲ್ಲ.

ಈಗ ಹಾಸಿಗೆಯ ಮಾತು. ನೆಲದ ಮೇಲೆ ಮಲಗುವ ಮನೆಗಳಲ್ಲಿ ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಬರುವುದೇ ಹೆಚ್ಚು, ಇದನ್ನು ಯಾರೂ ಗಮನಿಸುವುದಿಲ್ಲ. ಕಲಬುರಗಿ ಸುತ್ತಿನ ಮನೆಗಳಿಗೆ ಶಹಾಬಾದ್ ಫರಸಿಯ ನೆಲ. ಬೇಸಿಗೆಯಲ್ಲಿ ಅದರಷ್ಟು ತಂಪು ಇನ್ನೊಂದಿಲ್ಲ, ಆದರೆ ಚಳಿಗಾಲದಲ್ಲಿ ಅದೇ ಕಲ್ಲು ರಾತ್ರಿಯಿಡೀ ಮೈಯ ಶಾಖ ಹೀರುತ್ತದೆ. ತೆಳು ಚಾಪೆ, ಅದರ ಮೇಲೊಂದು ಹಳೆ ದುಪ್ಪಟಿ ಹಾಸಿ, ಮೇಲೆ ಮಾತ್ರ ದಪ್ಪ ಬ್ಲ್ಯಾಂಕೆಟ್ ಹೊದ್ದರೆ ಅರ್ಧ ದುಡ್ಡು ದಂಡ. ಮೈಭಾರಕ್ಕೆ ಕೆಳಗಿನ ಬಟ್ಟೆ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೊರಟುಹೋಗುವುದರಿಂದ ಹೊದೆಯುವುದಕ್ಕಿಂತ ಹಾಸುವುದೇ ದಪ್ಪ ಬೇಕು. ಒಳ್ಳೆಯ ಸುದ್ದಿಯೆಂದರೆ ಹಾಸುವುದಕ್ಕೆ ಬೇಕಾದದ್ದು ಮನೆಯಲ್ಲೇ ಇರುತ್ತದೆ. ನೆಲಕ್ಕೆ ತಾಗುವಂತೆ ಬಿಚ್ಚಿದ ಗೊಬ್ಬರದ ಚೀಲ ಹಾಸಿದರೆ ತೇವ ಮೇಲೇರದು (ಅದನ್ನು ಚೆನ್ನಾಗಿ ತೊಳೆದು ಒಣಗಿಸಿರಬೇಕು, ಕೀಟನಾಶಕದ ಚೀಲವನ್ನು ಮುಟ್ಟಲೇಬಾರದು). ಅದರ ಮೇಲೆ ಎರಡು ಪದರ ಗೋಣಿತಟ್ಟು, ನಡುವೆ ಒಣಹುಲ್ಲು ತುಂಬಿ ಹೊಲಿದರೆ ಇನ್ನೂ ಒಳ್ಳೆಯದು, ಅದರ ಮೇಲೆ ಕೌದಿ. ಇಷ್ಟಕ್ಕೆ ಅಂಗಡಿಯಿಂದ ಬರಬೇಕಾದದ್ದು ದಬ್ಬಣ ಮತ್ತು ದಾರ.

ಕೌದಿಯನ್ನು ಕುರಿತು ಸ್ವಲ್ಪ ನಿಂತು ಹೇಳಬೇಕು. ಆರೇಳು ಹಳೆ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹರಡಿ, ಅಂಚಿಗೆ ಕಲ್ಲು ಹೇರಿ, ಸುಕ್ಕು ಬಿಡಿಸಿ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುವಂತೆ ದಾರ ಓಡಿಸುತ್ತಾರೆ. ಹೊಲಿಗೆ ಹತ್ತಿರ ಹತ್ತಿರ ಇದ್ದಷ್ಟು ಬಾಳಿಕೆ, ಪದರಗಳ ನಡುವೆ ನಿಂತ ಗಾಳಿಯಷ್ಟು ಬೆಚ್ಚಗೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕವಂದಿಗಳು ಈಗ ದೇಶವಿದೇಶಗಳ ಕಲಾಪ್ರದರ್ಶನಗಳಲ್ಲಿ ತೂಗುತ್ತಿವೆ. ಅವು ಹುಟ್ಟಿದ್ದು ಮಕ್ಕಳನ್ನು ಬೆಚ್ಚಗಿಡುವುದಕ್ಕೆ. ದೊಡ್ಡ ಕುಟುಂಬಕ್ಕೆ ಇಲ್ಲಿ ಒಂದು ಅನುಕೂಲವಿದೆ: ಹನ್ನೆರಡು ಮಂದಿ ಇರುವ ಮನೆಯಲ್ಲಿ ವರ್ಷಕ್ಕೆ ಹಳತಾಗುವ ಬಟ್ಟೆ ಎರಡು ಮೂರು ಕೌದಿಗೆ ಸಾಕು. ಆದರೆ ಆ ಬಟ್ಟೆ ಮನೆಯಲ್ಲಿ ಉಳಿಯುವುದಿಲ್ಲ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ-ಹೊದಿಕೆಯನ್ನೆಲ್ಲ ಹೊರಗೆ ತೆಗೆದು ಒಗೆಯುವ ವಾಡಿಕೆ ನಮ್ಮಲ್ಲಿದೆ. ಸರಿಯಾಗಿ ಅದೇ ವಾರಗಳಲ್ಲಿ ಹಳೆ ಬಟ್ಟೆಗೆ ಪಾತ್ರೆ ಕೊಡುವವರು ಓಣಿಗೆ ಬರುತ್ತಾರೆ, ನಾಲ್ಕು ಸೀರೆ ಕೊಟ್ಟು ಒಂದು ಪ್ಲಾಸ್ಟಿಕ್ ಬುಟ್ಟಿ ತೆಗೆದುಕೊಳ್ಳುತ್ತೇವೆ. ಎರಡು ತಿಂಗಳ ಬಳಿಕ ಸಾಲ ಮಾಡಿ ಹೊದಿಕೆ ಕೊಳ್ಳುತ್ತೇವೆ. ಮಹಾನವಮಿಯ ಆ ಒಗೆತವೇ ಚಳಿಗಾಲದ ಲೆಕ್ಕಕ್ಕೆ ಕೂರುವ ದಿನವಾಗಬೇಕು. ಹಗ್ಗದ ಮೇಲೆ ಎಲ್ಲವೂ ಒಣಗುತ್ತಿರುವಾಗ ಎಷ್ಟು ಹೊದಿಕೆ ಇದೆ, ಎಷ್ಟು ಹರಿದಿದೆ, ಎಷ್ಟು ಮಂದಿ ಮಲಗುತ್ತಾರೆ ಎಂಬುದು ಕಣ್ಣಿಗೇ ಕಾಣುತ್ತದೆ.

ಇದೆಲ್ಲ ಹಳೆಯದರ ಮೋಹ, ಸಂತೆಯಲ್ಲಿ ಸಿಗುವ ಪಾಲಿಯೆಸ್ಟರ್ ಬ್ಲ್ಯಾಂಕೆಟ್ ಕೌದಿಗಿಂತ ಹಗುರ, ಬೇಗ ಒಣಗುತ್ತದೆ, ಹೊಲಿಯುವ ಕಷ್ಟವಿಲ್ಲ ಎಂಬ ವಾದ ಬಲವಾದದ್ದೇ. ಅದನ್ನು ಒಪ್ಪಲು ನನಗೆ ಹಿಂಜರಿಕೆಯಿಲ್ಲ. ಕೌದಿ ಹೊಲಿಯುವುದು ಹೆಂಗಸರ ಬಿಟ್ಟಿ ದುಡಿಮೆ. ಬೆಳಗಿನಿಂದ ಸಂಜೆವರೆಗೆ ಕಳೆ ತೆಗೆದು ಬಂದವಳಿಗೆ ರಾತ್ರಿ ದೀಪದಡಿ ಹೊಲಿ ಎಂದು ಹೇಳುವುದು ಮಿತವ್ಯಯವಾಗದು, ಖರ್ಚನ್ನು ಅವಳ ಕಣ್ಣು, ಬೆನ್ನಿನ ಮೇಲೆ ಹೊರಿಸಿದಂತಾಗುತ್ತದೆ. ಕೌದಿ ಹೊಲಿಯುವುದನ್ನೇ ಕಸುಬು ಮಾಡಿಕೊಂಡ ಹೆಂಗಸರು ಊರೂರಿಗೆ ಬರುತ್ತಾರೆ, ಅವರಿಗೆ ಕೂಲಿ ಕೊಟ್ಟು ಹೊಲಿಸುವುದು ಎರಡೂ ಮನೆಗೆ ಹಿತ. ಬ್ಲ್ಯಾಂಕೆಟ್ ಕೊಳ್ಳುವುದಾದರೂ ಕೊಳ್ಳಲಿ: ಹಾಸಲು ಕೌದಿ, ಹೊದೆಯಲು ಬ್ಲ್ಯಾಂಕೆಟ್, ಇದು ಕಡಿಮೆ ದುಡ್ಡಿಗೆ ಸಿಗುವ ಒಳ್ಳೆಯ ಜೋಡಿ. ಒಂದೇ ಎಚ್ಚರ, ಪಾಲಿಯೆಸ್ಟರು ಕಿಡಿ ಸೋಕಿದರೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಬಳಿ ಮಲಗುವವರಿಗೆ, ಬೆಂಕಿ ಕಾಯಿಸಿಕೊಳ್ಳುವ ಮುದುಕರಿಗೆ ಉಣ್ಣೆಯ ಕಂಬಳಿಯೇ ಸರಿ. ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ. ಮೇಡ್ಲೇರಿ, ಚಳ್ಳಕೆರೆಯ ಕಂಬಳಿ ಚುಚ್ಚುತ್ತದೆ, ತೂಕ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಹೊಲದಲ್ಲಿ ಇಬ್ಬನಿಗೆ ನೆನೆದರೂ ಬೆಚ್ಚಗಿರುವ ಹೊದಿಕೆ ಅದೊಂದೇ. ಮನೆಗೆ ಒಂದಿದ್ದರೂ ಸಾಕು, ರಾತ್ರಿ ಹೊರಗೆ ಹೋಗುವವನ ಪಾಲಿಗೆ ಅದು ಇರಲಿ.

ಹಾಸಿಗೆಗಿಂತ ಮೊದಲು ಜನರ ಮನಸ್ಸು ಹೋಗುವುದು ಬಿಸಿನೀರಿಗೆ. ಇಲ್ಲಿ ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. 15 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 0.35 ಯೂನಿಟ್ ವಿದ್ಯುತ್ ಬೇಕು. ಇದು ನೀರಿನ ಗುಣ, ಯಾವ ಕಂಪನಿಯ ಕಾಯಿಲ್ ತಂದರೂ ಇದಕ್ಕಿಂತ ಕಡಿಮೆಯಾಗದು. ಹನ್ನೆರಡು ಮಂದಿಗೆ ದಿನಕ್ಕೆ 4.2 ಯೂನಿಟ್, ತಿಂಗಳಿಗೆ 126 ಯೂನಿಟ್. ಗೃಹಜ್ಯೋತಿ ಇದೆಯಲ್ಲ ಎಂದುಕೊಂಡರೆ ಅಲ್ಲೊಂದು ತೊಡಕಿದೆ. ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ಅದರ ಅರ್ಥವಲ್ಲ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡ ಹತ್ತು, ಇಷ್ಟು ಮಾತ್ರ ಪುಕ್ಕಟೆ. ಸರಾಸರಿ 70 ಯೂನಿಟ್ ಇದ್ದ ಮನೆಗೆ ಸಿಗುವುದು 77. ಬಿಸಿನೀರು ಸೇರಿದರೆ ಬಳಕೆ 196ಕ್ಕೆ ಹೋಗಿ, ಮಿಕ್ಕ 119 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಯೂನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೂ ತಿಂಗಳಿಗೆ ಏಳುನೂರು ದಾಟಿತು. ಇನ್ನೊಂದು ಐದು ಯೂನಿಟ್ ಜಾಸ್ತಿಯಾಗಿ 200 ಮೀರಿದರೆ ಪೂರ್ತಿ ಬಿಲ್ಲು ಮನೆಯ ತಲೆಗೆ. ಎರಡು ಕಿಲೊವ್ಯಾಟ್‌ನ ರೂಮ್ ಹೀಟರನ್ನು ದಿನಕ್ಕೆ ಐದು ತಾಸು ಹಚ್ಚಿದರಂತೂ ಅದೊಂದೇ ತಿಂಗಳಿಗೆ 300 ಯೂನಿಟ್. ಒಂದು ಚಳಿಗಾಲದ ಹೆಚ್ಚುವರಿ ಬಿಲ್ಲಿನಲ್ಲಿ ಮನೆಮಂದಿಗೆಲ್ಲ ಹೊದಿಕೆ ಬರುತ್ತದೆ, ಅವು ಐದಾರು ಚಳಿಗಾಲ ಬಾಳುತ್ತವೆ.

ಹಾಗೆಂದು ತಣ್ಣೀರು ಸುರಿದುಕೊಳ್ಳಿ ಎಂದು ಹೇಳುತ್ತಿಲ್ಲ. ಸ್ನಾನದ ಹೊತ್ತನ್ನು ಬದಲಿಸಿದರೆ ಅರ್ಧ ಖರ್ಚು ಇಳಿಯುತ್ತದೆ. ಮಧ್ಯಾಹ್ನ ಇಷ್ಟು ಬಿಸಿಲಿರುವ ನಾಡಿನಲ್ಲಿ ಕಪ್ಪು ಬಳಿದ, ಮುಚ್ಚಳವಿರುವ ಡ್ರಮ್ಮನ್ನು ಅಂಗಳದಲ್ಲಿಟ್ಟರೆ ಮೂರು ಗಂಟೆಗೆ ನೀರು ಉಗುರುಬೆಚ್ಚಗಾಗಿರುತ್ತದೆ. ಮುದುಕರು, ಬಾಣಂತಿ, ಕೂಸುಗಳಿಗೆ ಮಧ್ಯಾಹ್ನದ ಸ್ನಾನವೇ ಸುರಕ್ಷಿತ, ಶಾಲೆಯ ಮಕ್ಕಳಿಗೂ ಕೂಲಿಗೆ ಹೋಗುವವರಿಗೂ ಸಂಜೆಯದ್ದು ಸಾಕು. ಬೆಳಿಗ್ಗೆ ಸ್ನಾನವಿಲ್ಲದೆ ದೇವರ ಪೂಜೆ ಹೇಗೆ ಎಂದರೆ, ಪೂಜೆ ಮಾಡುವ ಒಬ್ಬರಿಗೆ ಒಂದು ಬಕೆಟ್ ಕಾಯಿಸಿದರಾಯಿತು, ಹನ್ನೆರಡು ಬಕೆಟ್ ಬೇಡ.

ಸೂರು ಮತ್ತು ಬೆಂಕಿ, ಇವೆರಡರಲ್ಲಿ ಉಳಿತಾಯದ ಜೊತೆ ಜೀವದ ಪ್ರಶ್ನೆಯೂ ಇದೆ. ಮಣ್ಣಿನ ಮಾಳಿಗೆಯ ಮನೆಗಳು ಹಗಲಿನ ಶಾಖವನ್ನು ರಾತ್ರಿಗೆ ಉಳಿಸಿಕೊಡುತ್ತಿದ್ದವು. ಅವು ಸೋರಿ, ಬಿದ್ದು, ಅವುಗಳ ಜಾಗಕ್ಕೆ ತಗಡಿನ ಶೀಟುಗಳು ಬಂದಿವೆ. ತಗಡು ರಾತ್ರಿ ಹೊರಗಿನ ಗಾಳಿಗಿಂತಲೂ ಬೇಗ ತಣ್ಣಗಾಗುತ್ತದೆ, ಒಳಗೆ ಮಲಗಿದವರ ಉಸಿರಿನ ತೇವ ಅದಕ್ಕೆ ತಾಗಿ ಹನಿಗಟ್ಟಿ ಬೆಳಗಿನ ಜಾವ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಒದ್ದೆ ಕೌದಿ ಎಷ್ಟು ದಪ್ಪವಿದ್ದರೂ ವ್ಯರ್ಥ. ತಗಡಿನ ಕೆಳಗೆ ಒಂದು ಗೇಣು ಅಂತರ ಬಿಟ್ಟು ಬಿದಿರು ತಟ್ಟಿಯನ್ನೋ ಹೊಲಿದ ಗೋಣಿಯನ್ನೋ ಕಟ್ಟಿದರೆ ಹನಿಯೂ ನಿಲ್ಲುತ್ತದೆ, ಚಳಿಯೂ ತಗ್ಗುತ್ತದೆ, ಅಡುಗೆ ಒಲೆಯ ಮೇಲ್ಭಾಗವನ್ನು ಮಾತ್ರ ಬಿಡಬೇಕು. ಹಗಲು ಹಾಸಿಗೆಗಳನ್ನು ಬಿಸಿಲಿಗೆ ಹಾಕಲೇಬೇಕು. ಇನ್ನು ಬೆಂಕಿ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಮನೆಯಲ್ಲಿದೆ, ಪುಕ್ಕಟೆ ಶಾಖ ಬಿಟ್ಟು ಹೊದಿಕೆಗೆ ದುಡ್ಡು ಏಕೆ ಎಂಬುದು ಸಹಜ ಪ್ರಶ್ನೆ. ಅಂಗಳದಲ್ಲಿ ಕೂತು ಕಾಯಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಕಿಟಕಿ ಬಾಗಿಲು ಮುಚ್ಚಿ, ಬಾಣಂತಿಯ ಮಂಚದಡಿ ಕೆಂಡದ ಬೋಗುಣಿ ಇಟ್ಟು ಮಲಗುವುದು ಅಪಾಯ. ಹೊಗೆಯಿಲ್ಲದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಕೂಸಿಗೆ ಅತ್ಯಂತ ಸುರಕ್ಷಿತವೂ ಖರ್ಚಿಲ್ಲದ್ದೂ ಆದ ಶಾಖವೆಂದರೆ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಳ್ಳುವುದು, ಕಡಿಮೆ ತೂಕದ ಶಿಶುಗಳಿಗೆ ವೈದ್ಯರೇ ಹೇಳುವ ಕ್ರಮ ಅದು. ಮನೆಯೊಳಗೆ ಗಾಳಿಯಾಡುವಂತೆ ಬೆಳಕಿಂಡಿ ರಾತ್ರಿಯೂ ತೆರೆದಿರಲಿ.

ನನ್ನ ವಾದದ ಎರಡನೇ ಭಾಗ ಹೊತ್ತಿನದು, ಮತ್ತು ಕಷ್ಟದ ಭಾಗವೂ ಅದೇ. ಈ ಸೀಮೆಯಲ್ಲಿ ದುಡ್ಡು ವರ್ಷಪೂರ್ತಿ ಒಂದೇ ಸಮ ಬರುವುದಿಲ್ಲ. ಹೆಸರು, ಉದ್ದು ಭಾದ್ರಪದದ ಸುಮಾರಿಗೆ ಕೈಗೆ ಬರುತ್ತವೆ. ಬೀದರ್ ಕಡೆ ಸೋಯಾ ಅಕ್ಟೋಬರ್‌ನಲ್ಲಿ ರಾಶಿಯಾಗುತ್ತದೆ. ತೊಗರಿ ರಾಶಿಗೆ ಡಿಸೆಂಬರ್-ಜನವರಿ, ಹಿಂಗಾರಿ ಜೋಳಕ್ಕೆ ಫೆಬ್ರುವರಿ ಬರಬೇಕು. ಅಂದರೆ ಚಳಿಗೆ ಮುಂಚೆ ಕೈಗೆ ಸಿಗುವ ಕೊನೆಯ ದೊಡ್ಡ ದುಡ್ಡು ಸೋಯಾದ್ದು. ಅದು ಬಂದ ವಾರವೇ ಬೀಜ-ಗೊಬ್ಬರದ ಅಂಗಡಿಯ ಬಾಕಿ, ಹಿಂಗಾರಿ ಬಿತ್ತನೆ, ದೀಪಾವಳಿ ಎಲ್ಲವೂ ಕಾದಿರುತ್ತವೆ. 2025-26ರ ಸೋಯಾ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ಕಡಿಮೆಗೆ ಮಾರಿದವರ ಕೈಯಲ್ಲಿ ಉಳಿಯುವುದು ಇನ್ನೂ ಅಲ್ಪ. ತೊಗರಿ ದುಡ್ಡು ಬರುವ ಹೊತ್ತಿಗೆ ಕಡುಚಳಿಯ ಪಕ್ಷಗಳು ಕಳೆದಿರುತ್ತವೆ. ಡಿಸೆಂಬರ್‌ನ ಖರ್ಚನ್ನು ಸಾಲದಲ್ಲಿ ಮಾಡಿದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೂ ಸುಗ್ಗಿಯವರೆಗೆ ಹೊದಿಕೆಯ ಬೆಲೆ ಏರುತ್ತಲೇ ಹೋಗುತ್ತದೆ, ಚಳಿ ಬಿದ್ದಾಗ ಸಂತೆಯವನೂ ಚೌಕಾಸಿಗೆ ಬಗ್ಗುವುದಿಲ್ಲ. ಆದ್ದರಿಂದ ಸೋಯಾ ದುಡ್ಡಿನಲ್ಲಿ ಮೊದಲು ಎತ್ತಿಡಬೇಕಾದದ್ದು ಚಳಿಯ ಪಾಲು. ಹನ್ನೆರಡು ಮಂದಿಯ ಮನೆ ನಾಲ್ಕು ಸಾವಿರ ತೆಗೆದಿಡುತ್ತದೆ ಎಂದುಕೊಳ್ಳೋಣ. ಎಲ್ಲರಿಗೂ ಒಂದೊಂದು ಸ್ವೆಟರೆಂದು ಹೊರಟರೆ, ಒಂದಕ್ಕೆ ಮುನ್ನೂರು ಹಿಡಿದರೂ, 3,600 ಅಲ್ಲೇ ಮುಗಿಯಿತು, ರಾತ್ರಿಯ ಚಳಿ ಹಾಗೆಯೇ ಉಳಿಯಿತು. ಅದೇ ದುಡ್ಡಿನಲ್ಲಿ ಕೌದಿ ಹೊಲಿಸಿದ ಕೂಲಿ, ದಾರ, ಎರಡು ಮೂರು ಬ್ಲ್ಯಾಂಕೆಟ್ ಬರುತ್ತವೆ. ಇಬ್ಬಿಬ್ಬರು ಮಕ್ಕಳು ಒಂದೇ ಹೊದಿಕೆಯಡಿ ಮಲಗಿದರೆ ಒಬ್ಬರ ಶಾಖ ಇನ್ನೊಬ್ಬರಿಗೆ. ಮಂದಿ ಹೆಚ್ಚಿದ್ದೂ ಲಾಭವಾಗುವ ಇನ್ನೊಂದು ಜಾಗ ಇದು.

ದೀಪಾವಳಿಗೆ ಮಕ್ಕಳ ಹೊಸ ಬಟ್ಟೆಗೆ ಕತ್ತರಿ ಹಾಕುವ ಮಾತೇ ಎಂದು ಯಾರಾದರೂ ನೊಂದುಕೊಂಡರೆ ಅದು ನ್ಯಾಯವೇ. ವರ್ಷಕ್ಕೊಮ್ಮೆ ಸಿಗುವ ಆ ಸಂತೋಷವನ್ನು ಬಡಮಕ್ಕಳಿಂದ ಕಸಿಯುವುದನ್ನು ಯಾವ ಲೆಕ್ಕವೂ ಸಮರ್ಥಿಸದು. ಆದರೆ ಹಬ್ಬದ ಬಟ್ಟೆಯನ್ನೇ ಚಳಿಯ ಬಟ್ಟೆಯಾಗಿ ಕೊಳ್ಳಬಹುದು: ತೆಳು ನೈಲಾನ್ ಫ್ರಾಕಿನ ಬದಲು ತುಂಬುತೋಳಿನ ದಪ್ಪ ಅಂಗಿ, ಟೊಪ್ಪಿಗೆ ಇರುವ ಜಾಕೆಟ್. ಮಗು ಹಬ್ಬಕ್ಕೂ ಹಾಕುತ್ತದೆ, ಜನವರಿಯಲ್ಲಿ ಶಾಲೆಗೂ ಹಾಕುತ್ತದೆ.

ಇದಿಷ್ಟನ್ನೂ ಮಾಡಿದ ಮನೆಯಲ್ಲೂ ತೆಳು ಹೊದಿಕೆ ಯಾರ ಪಾಲಿಗೆ ಬರುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಗಂಡಸರು, ಮಕ್ಕಳು, ಅತ್ತೆ-ಮಾವ ಎಲ್ಲರದೂ ಆದ ಮೇಲೆ ಮಿಕ್ಕಿದ್ದು ಸೊಸೆಗೆ. ನಾಲ್ಕೂವರೆಗೆ ಎದ್ದು ಕಸ ಗುಡಿಸಿ, ತಣ್ಣೀರಲ್ಲಿ ಪಾತ್ರೆ ತಿಕ್ಕಿ, ಬುತ್ತಿಗೆ ಮೂವತ್ತು ನಲವತ್ತು ರೊಟ್ಟಿ ಬಡಿಯುವವಳೂ ಅವಳೇ. ಮನೆಗೆ ಎರಡೇ ಸ್ವೆಟರ್ ಕೊಳ್ಳುವಷ್ಟು ಶಕ್ತಿಯಿದ್ದರೆ ಒಂದು ಅವಳಿಗೆ, ಇನ್ನೊಂದು ಬೆಳೆಗೆ ರಾತ್ರಿ ನೀರು ಕಟ್ಟಲು ಹೋಗುವವನಿಗೆ ಸಲ್ಲಬೇಕು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಕೊಟ್ಟಷ್ಟು ದಿನ ರೈತ ಕೊರೆಯುವ ಕೆಸರಿನಲ್ಲಿ ನಿಲ್ಲಲೇಬೇಕು. ಚಳಿಗಾಲದ ಎರಡು ತಿಂಗಳಾದರೂ ಹಗಲು ಪಾಳಿ ಕೊಡಿ ಎಂಬ ರೈತರ ಬೇಡಿಕೆ ಆರೋಗ್ಯದ ಬೇಡಿಕೆಯೂ ಹೌದು. ಇನ್ನು ತಾಂಡಾಗಳ ಕುಟುಂಬಗಳದು ಬೇರೆಯೇ ಪಾಡು. ದೀಪಾವಳಿ ಆಗುತ್ತಲೇ ಗಂಡ-ಹೆಂಡತಿ ಮುಂಗಡ ತೆಗೆದುಕೊಂಡು ಕಬ್ಬು ಕಡಿಯಲು ಬೆಳಗಾವಿ, ಬಾಗಲಕೋಟೆ, ಮಹಾರಾಷ್ಟ್ರದ ಕಡೆ ಹೊರಡುತ್ತಾರೆ, ಮುದುಕರೂ ಒಂದಿಷ್ಟು ಮಕ್ಕಳೂ ತಾಂಡಾದಲ್ಲಿ ಉಳಿಯುತ್ತಾರೆ. ಇರುವ ಹಾಸಿಗೆ ಎರಡು ಪಾಲಾಗುತ್ತದೆ. ನೀರು ಹರಿಸಿದ ಕಬ್ಬಿನ ಗದ್ದೆಯ ಮಗ್ಗುಲಲ್ಲಿ ಗುಡಿಸಲು ಹಾಕಿ ಮಲಗುವವರಿಗೆ ನೆಲದ ತೇವವೇ ಮೊದಲ ಶತ್ರು. ಅವರ ಗಂಟಿನಲ್ಲಿ ಹೊದಿಕೆಗಿಂತ ಮೊದಲು ತಾಡಪತ್ರಿಯೂ ದಪ್ಪ ಹಾಸೂ ಇರಬೇಕು. ಮುಂಗಡ ಕೈಗೆ ಬಂದ ದಿನವೇ ಅದನ್ನು ಕೊಂಡು ಹಿಂದುಳಿಯುವ ಮುದುಕರ ಹಾಸಿಗೆಯನ್ನು ಮುಟ್ಟದಿರುವುದು ಒಳ್ಳೆಯದು.

ಊಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಈ ಸೀಮೆಯ ಅಡುಗೆಮನೆಗೆ ಅದು ಗೊತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ, ಅಗಸೆ, ಗುರೆಳ್ಳಿನ ಹಿಂಡಿ, ಎಳ್ಳ ಅಮಾವಾಸ್ಯೆಯ ಭಜ್ಜಿ ಎಲ್ಲವೂ ಎಣ್ಣೆಯಂಶವಿರುವ, ಮೈಗೆ ಕಸುವು ಕೊಡುವ ಊಟ. ರೇಷನ್ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ನಿಜ. ಅದರ ಜೊತೆ ದಿನಕ್ಕೊಂದು ಹಿಡಿ ಶೇಂಗಾ ಹಿಂಡಿ ಇದ್ದರೆ ಚಳಿಗೂ ಸಾಕು, ಮಕ್ಕಳಿಗೂ ಸಾಕು. ಜೋಳ ಕೊಳ್ಳುವವರು ಒಂದು ಮಾತು ನೆನಪಿಡಬೇಕು: ಹೊಸ ಜೋಳ ಬರುವ ಮುಂಚಿನ ಡಿಸೆಂಬರ್, ಜನವರಿಯಲ್ಲೇ ಹಳೆ ಜೋಳ ತುಟ್ಟಿ.

ಸರಕಾರದ ಪಾಲಿನ ಮಾತು ಬಾರದೆ ಈ ಚರ್ಚೆ ಪೂರ್ಣವಾಗದು. ಅನ್ನಭಾಗ್ಯ ತಲೆಯೆಣಿಸಿ ಕೊಡುವ ಯೋಜನೆ. ಆದರೆ ಗೃಹಲಕ್ಷ್ಮಿಯ 2,000 ರೂಪಾಯಿ ಒಂದು ಪಡಿತರ ಚೀಟಿಗೆ, ಗೃಹಜ್ಯೋತಿ ಒಂದು ಮೀಟರಿಗೆ, ಉಜ್ವಲಾದ ಸಿಲಿಂಡರ್ ಒಂದು ಮನೆಗೆ. ಮೂವರ ಮನೆಗೂ ಹನ್ನೆರಡು ಮಂದಿಯ ಮನೆಗೂ ಒಂದೇ ಅಳತೆ. ದೊಡ್ಡ ಕುಟುಂಬ ಮಾಡಿಕೊಂಡದ್ದು ಅವರ ತಪ್ಪಲ್ಲವೇ, ಅದಕ್ಕೆ ತೆರಿಗೆದಾರ ಏಕೆ ಕೊಡಬೇಕು ಎಂಬ ಮಾತು ಇಲ್ಲಿ ತಪ್ಪದೆ ಬರುತ್ತದೆ. ಆದರೆ ನಾವು ಮಾತಾಡುತ್ತಿರುವ ಮನೆಗಳು ದೊಡ್ಡದಾಗಿರುವುದು ಮಕ್ಕಳನ್ನು ಲೆಕ್ಕವಿಲ್ಲದೆ ಹೆತ್ತದ್ದರಿಂದಲ್ಲ. ಮುದುಕರನ್ನು ಬಿಟ್ಟುಹೋಗದ ಕಾರಣಕ್ಕೆ, ಎರಡೆಕರೆ ಹೊಲವನ್ನು ಹೋಳು ಮಾಡದ ಕಾರಣಕ್ಕೆ, ಗಂಡ ಸತ್ತ ಅಕ್ಕತಂಗಿಯರನ್ನು ಮನೆಗೆ ಕರೆತಂದು ಸಾಕಿದ ಕಾರಣಕ್ಕೆ ಅವು ದೊಡ್ಡದಾಗಿವೆ. ಇಂಥ ಮನೆ ಸವಲತ್ತಿಗಾಗಿ ಚೀಟಿ ಒಡೆದು ಬೇರೆಯಾದರೆ ಸರಕಾರಕ್ಕೆ ಬೀಳುವ ಹೊರೆ ಹೆಚ್ಚೇ ಹೊರತು ಕಡಿಮೆಯಲ್ಲ.

ಡಿಸೆಂಬರ್ ಕೊನೆಗೆ, ಜನವರಿಯಲ್ಲಿ ಕಂಬಳಿ ಹಂಚುವ ಕಾರ್ಯಕ್ರಮಗಳು ಎಲ್ಲೆಡೆ ನಡೆಯುತ್ತವೆ. ಕೊಡುವವರ ಕಾಳಜಿ ದೊಡ್ಡದು, ಆದರೆ ಆ ಹೊತ್ತಿಗೆ ಅರ್ಧ ಚಳಿ ಕಳೆದಿರುತ್ತದೆ, ಮನೆಗೆ ಒಂದರಂತೆ ಕೊಟ್ಟ ಕಂಬಳಿ ಹನ್ನೆರಡು ಮಂದಿಯಲ್ಲಿ ಯಾರ ಮೇಲೆ ಬೀಳಬೇಕೋ ತಿಳಿಯದು. ಅದೇ ದುಡ್ಡನ್ನು ಅಕ್ಟೋಬರ್ ಮೊದಲ ವಾರಕ್ಕೆ ತರಲು ಅಡ್ಡಿಯೇನಿದೆ? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ತನ್ನ ಏಳು ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಜಿಲ್ಲಾ ಪಂಚಾಯಿತಿ, ಸಂಜೀವಿನಿ ಸ್ವಸಹಾಯ ಸಂಘಗಳಿಗೆ ಹೊಲಿಗೆಯ ಕೂಲಿ ಕೊಟ್ಟು ಕೌದಿ ಹೊಲಿಸಬಹುದು. ಬಟ್ಟೆ ಆಯಾ ಮನೆಯದೇ, ಸರಕಾರ ಕೊಡಬೇಕಾದದ್ದು ದಾರ ಮತ್ತು ಕೂಲಿ. ಹೆಂಗಸರ ಕೈಗೆ ದುಡ್ಡು ಬರುತ್ತದೆ, ದೀಪಾವಳಿಯೊಳಗೆ ಹೊದಿಕೆಯೂ ಸಿದ್ಧ. ಗೃಹಲಕ್ಷ್ಮಿಯ ಕಂತು ತಡವಾದ ತಿಂಗಳುಗಳನ್ನು ನಾವು ಕಂಡಿದ್ದೇವೆ. ಬೇರೆ ಯಾವ ತಿಂಗಳು ತಡವಾದರೂ ಸೆಪ್ಟೆಂಬರ್, ಅಕ್ಟೋಬರ್‌ನ ಕಂತು ಬಾಕಿಯಿಲ್ಲದೆ ಮಹಾನವಮಿಯ ಮುಂಚೆ ಖಾತೆಗೆ ಬೀಳುವಂತೆ ಆರ್ಥಿಕ ಇಲಾಖೆ ಈಗಲೇ ದಿನಾಂಕ ಗೊತ್ತುಮಾಡಬೇಕು.